ರೆಕಾರ್ಡರ್ ಆಫ್ ಆದ ಮೇಲೆ: ವಿಶ್ವವಿದ್ಯಾಲಯಗಳು ಮೌಖಿಕ ಇತಿಹಾಸವನ್ನು ಉಳಿಸುವ ಬಗೆ

ಹಿರಿಯರೊಬ್ಬರ ಎದುರು ಮೊಬೈಲ್ ಇಟ್ಟು ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವುದು ಇವತ್ತು ಯಾರಿಗಾದರೂ ಸಾಧ್ಯ. ಆದರೆ ಐವತ್ತು ವರ್ಷ ಕಳೆದು, ಹೇಳಿದವರೂ ಕೇಳಿದವರೂ ಇಲ್ಲದ ಕಾಲದಲ್ಲಿ, ಗುರುತು ಪರಿಚಯವಿಲ್ಲದ ಒಬ್ಬ ಸಂಶೋಧಕಿಯ ಕೈಗೆ ಆ ಮುದ್ರಣ ಸಿಗಬೇಕು. ಸಿಕ್ಕಾಗ ಫೈಲ್ ತೆರೆಯಬೇಕು. ತೆರೆದರೆ ಯಾರು, ಎಲ್ಲಿ, ಯಾವಾಗ ಮಾತಾಡಿದ್ದೆಂದು ತಿಳಿಯಬೇಕು. ತಿಳಿದ ಮೇಲೆ ಅದನ್ನು ಬಳಸುವ ಹಕ್ಕು ಅವಳಿಗಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆ ಮಾತು ಇದ್ದೂ ಇಲ್ಲದಂತೆಯೇ. ವಿಶ್ವವಿದ್ಯಾಲಯವೊಂದು ಮೌಖಿಕ ಇತಿಹಾಸದ ಯೋಜನೆ ಕೈಗೊಂಡಿದೆ ಎಂದರೆ ಈ ನಾಲ್ಕಕ್ಕೂ ಹೊಣೆ ಹೊತ್ತಿದೆ ಎಂದರ್ಥ. ಎದುರುಬದುರು ಕೂತು ಮಾತಾಡುವ ಎರಡು ಗಂಟೆ ಆ ಹೊಣೆಯ ಸಣ್ಣದೊಂದು ಪಾಲು.

ಈ ಕೆಲಸವನ್ನು ವ್ಯವಸ್ಥಿತವಾಗಿ ಶುರುಮಾಡಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ, 1948ರಲ್ಲಿ. ಹಿಂದಿನ ಕಾಲದ ದೊಡ್ಡವರು ಪತ್ರ ಬರೆಯುತ್ತಿದ್ದರು, ದಿನಚರಿ ಇಡುತ್ತಿದ್ದರು. ಟೆಲಿಫೋನ್ ಬಂದ ಮೇಲೆ ತೀರ್ಮಾನಗಳು ಮಾತಿನಲ್ಲೇ ಮುಗಿದು ಕಾಗದದ ಮೇಲೆ ಏನೂ ಉಳಿಯುತ್ತಿಲ್ಲ ಎಂಬುದು ಇತಿಹಾಸಕಾರ ಅಲನ್ ನೆವಿನ್ಸ್ ಅವರ ಆತಂಕವಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ನಗರದ ಸಾರ್ವಜನಿಕ ಜೀವನದ ಹಿರಿಯ ಜಾರ್ಜ್ ಮೆಕ್‌ಅನೆನಿ ಅವರೊಂದಿಗೆ ಮೊದಲ ಸಂದರ್ಶನ ನಡೆಯಿತು. ಯಂತ್ರವಿರಲಿಲ್ಲ. ವಿದ್ಯಾರ್ಥಿಯೊಬ್ಬ ಕೈಯಲ್ಲೇ ಬರೆದುಕೊಂಡು ಆಮೇಲೆ ಟೈಪ್ ಮಾಡಿದ. ಬೇಗನೆ ರೆಕಾರ್ಡರ್ ಬಂತು. ಆದರೂ ಆರಂಭದ ವರ್ಷಗಳಲ್ಲಿ ಟೈಪ್ ಮಾಡಿದ ಹಾಳೆಯೇ ದಾಖಲೆ ಎಂಬ ಭಾವನೆಯಿತ್ತು, ಟೇಪ್ ದುಬಾರಿಯೂ ಆಗಿತ್ತು. ಹೀಗಾಗಿ ಬರಹಕ್ಕಿಳಿಸಿದ ಮೇಲೆ ಟೇಪ್ ಅಳಿಸಿ ಮತ್ತೆ ಬಳಸುವ ರೂಢಿ ಇತ್ತು. ಆ ಧ್ವನಿಗಳು ಇನ್ನು ಯಾರಿಗೂ ಸಿಗುವುದಿಲ್ಲ.

ಅಮೆರಿಕದ ಬರ್ಕ್ಲಿ, ಬೇಲರ್, ಕೆಂಟಕಿ ವಿಶ್ವವಿದ್ಯಾಲಯಗಳು ನಂತರದ ದಶಕಗಳಲ್ಲಿ ತಮ್ಮ ತಮ್ಮ ಕೇಂದ್ರಗಳನ್ನು ಕಟ್ಟಿಕೊಂಡವು. ಅಂತರರಾಷ್ಟ್ರೀಯ ಮೌಖಿಕ ಇತಿಹಾಸ ಸಂಘದ ಸಮ್ಮೇಳನ 2016ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, 2019ರಲ್ಲಿ ಸಾರ್ವಜನಿಕರಿಗೆ ತೆರೆದ ಪತ್ರಾಗಾರದಲ್ಲಿ ವಿಜ್ಞಾನಿಗಳ ಕಾಗದಪತ್ರಗಳ ಜೊತೆಗೆ ಮೌಖಿಕ ಇತಿಹಾಸದ ಸಂದರ್ಶನಗಳೂ ಇವೆ. ಜಾನಪದವನ್ನು ಧ್ವನಿಮುದ್ರಿಸುವ ಪರಂಪರೆಯಂತೂ ನಮ್ಮಲ್ಲಿ ಹಳೆಯದು. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಹಾದಿಯಲ್ಲಿ ಬಹಳ ದೂರ ನಡೆದಿವೆ. ಆದರೆ ಎರಡೂ ಒಂದೇ ಅಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಮುದ್ರಿಸುವಾಗ ಸಮುದಾಯ ಕಾಪಾಡಿಕೊಂಡು ಬಂದ ಪಠ್ಯ ನಮಗೆ ಬೇಕು. ಮೌಖಿಕ ಇತಿಹಾಸದಲ್ಲಿ ಒಬ್ಬ ವ್ಯಕ್ತಿ ಸ್ವತಃ ಕಂಡದ್ದು, ಮಾಡಿದ್ದು, ಅನುಭವಿಸಿದ್ದು ಬೇಕು. ಅದೇ ನೀಲಗಾರರು ತಾವು ಹಾಡು ಕಲಿತದ್ದು ಹೇಗೆ, ಊರೂರು ತಿರುಗಿದ್ದು ಹೇಗೆ ಎಂದು ಹೇಳತೊಡಗಿದರೆ ಅದು ಮೌಖಿಕ ಇತಿಹಾಸವಾಗುತ್ತದೆ.

ತಪ್ಪು ನೆನಪೂ ದಾಖಲೆಯೇ

"ಮುದುಕರ ನೆನಪನ್ನು ನಂಬುವುದು ಹೇಗೆ?" ಈ ವಿಷಯ ಎತ್ತಿದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಇದಕ್ಕೆ ಅತ್ಯುತ್ತಮ ಉತ್ತರ ಇಟಲಿಯ ತೆರ್ನಿ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಿಂದ ಬಂದಿದೆ. ಲುಯಿಜಿ ತ್ರಾಸ್ತುಲ್ಲಿ ಎಂಬ 21ರ ಹರೆಯದ ಕಾರ್ಮಿಕ ಅಲ್ಲಿ 1949ರ ಮಾರ್ಚ್‌ನಲ್ಲಿ ಪೊಲೀಸರ ಗುಂಡಿಗೆ ಸತ್ತ. ಇಟಲಿ ನ್ಯಾಟೋ ಸೇರುವುದನ್ನು ವಿರೋಧಿಸುವ ಪ್ರತಿಭಟನೆ ಅದು. ದಶಕಗಳ ನಂತರ ಮೌಖಿಕ ಇತಿಹಾಸಕಾರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಆ ಊರಿನವರನ್ನು ಮಾತಾಡಿಸಿದಾಗ ಅನೇಕರು ಆ ಸಾವು 1953ರಲ್ಲಿ, ಕಾರ್ಖಾನೆಯಿಂದ ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ನಡೆದ ಗಲಭೆಯಲ್ಲಿ ಆಯಿತೆಂದರು. ಇಸವಿ ತಪ್ಪು, ಕಾರಣವೂ ತಪ್ಪು. ಆದರೆ ಅಷ್ಟೂ ಜನ ಒಂದೇ ದಿಕ್ಕಿಗೆ ತಪ್ಪಿದ್ದಾರೆ. ನ್ಯಾಟೋ ವಿರೋಧಿ ಪ್ರತಿಭಟನೆಯೊಂದರಲ್ಲಿ, ಯಾವ ಪ್ರತೀಕಾರವೂ ಇಲ್ಲದೆ ತಮ್ಮವನೊಬ್ಬ ಸತ್ತದ್ದು ಅವರಿಗೆ ಅರಗಲಿಲ್ಲ. ತಮ್ಮ ಬದುಕನ್ನು ನಿಜವಾಗಿ ಮುರಿದ ಘಟನೆಗೆ ಆ ಸಾವನ್ನು ತಂದು ಜೋಡಿಸಿಕೊಂಡರು. ಪೊಲೀಸ್ ಕಡತದಲ್ಲಿ ತಾರೀಖು ಸರಿಯಾಗಿದ್ದರೂ ಈ ವಿಷಯ ಅಲ್ಲಿ ಸಿಗುವುದಿಲ್ಲ.

ಅದಕ್ಕೇ ಒಳ್ಳೆಯ ಯೋಜನೆಯಲ್ಲಿ ಹೇಳಿದವರ ತಪ್ಪನ್ನು ಯಾರೂ ತಿದ್ದುವುದಿಲ್ಲ. ಧ್ವನಿಯಲ್ಲಿರುವುದು ಹಾಗೆಯೇ ಇರುತ್ತದೆ. ಬರಹರೂಪದಲ್ಲೂ ಹಾಗೆಯೇ ಇರಿಸಿ, ಸರಿಯಾದ ಇಸವಿಯನ್ನು ಟಿಪ್ಪಣಿಯಲ್ಲಿ ಬೇರೆಯಾಗಿ ಕೊಡುತ್ತಾರೆ. ಟಿಪ್ಪಣಿ ಸಂಪಾದಕರದ್ದು, ಮಾತು ಹೇಳಿದವರದ್ದು. ಇವೆರಡು ಬೆರೆಯಬಾರದು.

ಹೋಗುವ ಮೊದಲು

ಶರಾವತಿಯ ಮುಳುಗಡೆ ಸಂತ್ರಸ್ತರನ್ನು ಮಾತಾಡಿಸುವ ಯೋಜನೆಯೊಂದನ್ನು ಊಹಿಸಿಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಆಗ ಹದಿನೈದು ವರ್ಷದವರಾಗಿದ್ದವರು ಈಗ ಎಪ್ಪತ್ತೈದು ದಾಟಿದ್ದಾರೆ. ಅವರನ್ನು "ಆಗ ನಿಮಗೆ ಹೇಗನ್ನಿಸಿತು?" ಎಂದು ಕೇಳಿದರೆ "ಭಾಳ ಬೇಜಾರಾಯ್ತು" ಎಂಬ ಉತ್ತರ ಬಂದು ನಿಲ್ಲುತ್ತದೆ. "ಮನೆ ಬಿಡುವಾಗ ಗಾಡಿಗೆ ಏನೇನು ಹೇರಿದಿರಿ? ಏನನ್ನು ಬಿಟ್ಟು ಬಂದಿರಿ? ಬಾಗಿಲು, ಕಿಟಕಿ, ಹೆಂಚು ಕಿತ್ತು ತಂದಿರೋ?" ಎಂದು ಕೇಳಿದರೆ ಅರ್ಧ ಗಂಟೆಯ ಮಾತು ಹೊರಡುತ್ತದೆ. ಇಂಥ ಪ್ರಶ್ನೆ ಹೊಳೆಯಬೇಕಾದರೆ ಮೊದಲೇ ಓದಿಕೊಂಡಿರಬೇಕು. ಮುಳುಗಡೆಗೆ ಮುಂಚಿನ ಭೂಪಟ, ಊರುಗಳ ಪಟ್ಟಿ, ಪರಿಹಾರದ ಆದೇಶಗಳು, ಆ ಸೀಮೆಯ ಅಳತೆಗಳು ಗೊತ್ತಿರಬೇಕು. ಖಂಡುಗ ಎಂಬ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾದ್ದರಿಂದ "ನಿಮ್ಮ ಕಡೆ ಖಂಡುಗಕ್ಕೆ ಎಷ್ಟು ಕೊಳಗ?" ಎಂದು ಅಲ್ಲೇ ಕೇಳಿ ಮುದ್ರಿಸಿಕೊಳ್ಳಬೇಕು. ಇಪ್ಪತ್ತು ವರ್ಷ ಬಿಟ್ಟು ಕೇಳಲು ಯಾರೂ ಇರುವುದಿಲ್ಲ.

ಇಸವಿ ಕೇಳಿದರೆ ಹೆಚ್ಚಿನವರಿಗೆ ತೋಚುವುದಿಲ್ಲ. "ಅದು ನಿಮ್ಮ ಮದುವೆಗೆ ಮುಂಚೆಯೋ ಆಮೇಲೋ? ದೊಡ್ಡ ಮಗ ಆಗ ನಡೀತಿದ್ನಾ? ಅಡಿಕೆ ಕೊಯ್ಲು ಆಗಿತ್ತಾ?" ಎಂದು ಅವರ ಬದುಕಿನ ಗುರುತುಗಳಿಗೇ ಕಟ್ಟಿ ಕೇಳಿದರೆ ಕಾಲ ಖಚಿತವಾಗುತ್ತಾ ಹೋಗುತ್ತದೆ.

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯದಿರುವುದು ಒಳ್ಳೆಯದು. ಯೋಜನೆ ಯಾರದ್ದು, ಮಾತು ಎಲ್ಲಿ ಇರುತ್ತದೆ, ಯಾರು ಕೇಳುತ್ತಾರೆ ಎಂದು ತಿಳಿಸಿ, ಹುಟ್ಟಿದೂರು, ಕುಟುಂಬ, ಕೆಲಸದ ವಿವರ ಬರೆದುಕೊಂಡು ಬರಬೇಕು. ಆದರೆ ಆ ಭೇಟಿಯಲ್ಲೇ ಕತೆಯೆಲ್ಲ ಹೇಳಿಸಿಬಿಡಬಾರದು. ಮುದ್ರಣದ ದಿನ "ಅವತ್ತೇ ಹೇಳಿದ್ನಲ್ಲ" ಎಂದು ಅವರು ಎರಡು ಮಾತಿಗೆ ಮುಗಿಸಿಬಿಡುತ್ತಾರೆ.

ಮುದ್ರಣ

ರೆಕಾರ್ಡರ್ ಅನ್ನು ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲಿಗೆ, 48 ಕಿಲೋಹರ್ಟ್ಸ್, 24 ಬಿಟ್‌ಗೆ ಹೊಂದಿಸಬೇಕು. ಒಂದು ಚಾನೆಲ್ಲಿನ ಮುದ್ರಣ ಗಂಟೆಗೆ ಸುಮಾರು 520 ಎಂಬಿ, ಎರಡು ಚಾನೆಲ್ ಆದರೆ ಸುಮಾರು 1.04 ಜಿಬಿ ಆಗುತ್ತದೆ. 128 ಕೆಬಿಪಿಎಸ್‌ನ ಎಂಪಿ3 ಗಂಟೆಗೆ 58 ಎಂಬಿಯಲ್ಲೇ ಮುಗಿಯುತ್ತದೆ ನಿಜ. ಆದರೆ ಕಿವಿಗೆ ಬೇಡವೆಂದು ಅದು ಎಸೆದ ಅಂಶ ಮರಳಿ ಬರುವುದಿಲ್ಲ. ಮುಂದೆ ಬೇಡದ ಸದ್ದು ತೆಗೆಯಲು, ಭಾಷಾವಿಜ್ಞಾನಿಗಳಿಗೆ ಉಚ್ಚಾರಣೆ ಅಳೆಯಲು ಬೇಕಾಗುವುದು ಅದೇ ಅಂಶ. ಎಂಪಿ3 ಕೇಳುಗರಿಗೆ ಕೊಡುವ ಪ್ರತಿಯಾಗಿರಲಿ, ಮೂಲ ಪ್ರತಿ ಬೇಡ.

ಧ್ವನಿಯ ಮಟ್ಟ ಏರಿದಾಗಲೂ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಬೇಕು. ಸೊನ್ನೆ ಎಂದರೆ ಯಂತ್ರ ಹಿಡಿಯಬಲ್ಲ ಗರಿಷ್ಠ ಮಟ್ಟ. ಅದನ್ನು ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಆ ಒಡಕನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಕೂಡಿಸಲಾರದು. 24 ಬಿಟ್‌ನಲ್ಲಿ ಮಟ್ಟ ಸ್ವಲ್ಪ ಕಡಿಮೆಯಾದರೆ ತೊಂದರೆಯಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಆಟೊ ಗೇನ್ ಸೌಲಭ್ಯವನ್ನು ಬಂದ್ ಮಾಡಬೇಕು. ಹೇಳುವವರು ಮೌನವಾದ ಕೂಡಲೇ ಅದು ಫ್ಯಾನಿನ ಸದ್ದನ್ನು ಹಿಡಿದು ಮೇಲೆತ್ತುತ್ತದೆ. ದುಃಖದ ನೆನಪಿನ ನಡುವಿನ ಮೌನ ಇರಬೇಕಾದ ಕಡೆ ಗುಯ್‌ಗುಡುವ ಸದ್ದು ಉಳಿಯುತ್ತದೆ.

ಅಂಗಿಗೋ ಸೀರೆಯ ಸೆರಗಿಗೋ ಸಿಕ್ಕಿಸುವ ಮೈಕು ಬಾಯಿಯಿಂದ ಒಂದು ಗೇಣು ಕೆಳಗಿದ್ದರೆ ಸಾಕು. ರೇಷ್ಮೆ, ಗಂಜಿ ಹಾಕಿದ ಹತ್ತಿ ಸರಸರ ಎನ್ನುತ್ತವೆ, ಕರಿಮಣಿ ಸರ ಮೈಕಿಗೆ ತಗುಲುತ್ತದೆ. ಹೆಡ್‌ಫೋನ್ ಹಾಕಿ ಕೇಳದೆ ಇವು ಗೊತ್ತಾಗುವುದಿಲ್ಲ. ರೆಕಾರ್ಡರನ್ನು ಟೀಪಾಯಿಯ ಮೇಲೆ ಬರಿದೇ ಇಟ್ಟರೆ ಕಾಫಿ ಲೋಟ ಇಟ್ಟ ಪ್ರತಿ ಸಲವೂ ಗುದ್ದಿದ ಸದ್ದು ಬರುತ್ತದೆ. ಮಡಚಿದ ಟವೆಲ್ ಹಾಸಿ ಇಡಬೇಕು. ಫ್ರಿಜ್, ಗೋಡೆ ಗಡಿಯಾರ, ಅಡುಗೆಮನೆಯ ಕುಕ್ಕರ್ ಇವೆಲ್ಲ ಮೊದಲೇ ವಿಚಾರಿಸಿಕೊಳ್ಳಬೇಕಾದವು. ಫ್ಯಾನ್ ಆರಿಸಿದರೆ ಬೇಸಿಗೆಯಲ್ಲಿ ಹಿರಿಯರಿಗೆ ಕಷ್ಟ. ಆರಿಸಲಾಗದಿದ್ದರೆ ವೇಗ ಇಳಿಸಿ, ಮೈಕನ್ನು ಇನ್ನೂ ಹತ್ತಿರ ತರುವುದೇ ದಾರಿ. ಚಾರ್ಜರ್ ಸಿಕ್ಕಿಸಿಕೊಂಡು ಮುದ್ರಿಸಿದರೆ ಹಲವು ಮನೆಗಳಲ್ಲಿ 50 ಹರ್ಟ್ಸ್ ಕರೆಂಟಿನ ಗುಂಯ್‌ಕಾರ ಸೇರಿಕೊಳ್ಳುತ್ತದೆ. ಆದ್ದರಿಂದ ಹೊಸ ಬ್ಯಾಟರಿ, ಜೊತೆಗೆ ಇನ್ನೊಂದು ಜೊತೆ. ಮುದ್ರಣದ ನಡುವೆ ಬ್ಯಾಟರಿ ಸತ್ತರೆ ನಷ್ಟ ಕೊನೆಯ ಒಂದು ನಿಮಿಷದ್ದಲ್ಲ. ವೇವ್ ಫೈಲಿನ ಉದ್ದ ಎಷ್ಟೆಂಬ ವಿವರ ಫೈಲ್ ಮುಚ್ಚುವಾಗ ತಲೆಭಾಗದಲ್ಲಿ ಬರೆಯಲ್ಪಡುವುದರಿಂದ ಇಡೀ ಫೈಲೇ ಖಾಲಿ ಎಂದು ತೋರಿಸಬಹುದು. ಅಂಥ ಕಾರ್ಡಿಗೆ ಮತ್ತೇನನ್ನೂ ಬರೆಯದೆ ತೆಗೆದಿಟ್ಟರೆ ತಿಳಿದವರು ಮರಳಿ ಪಡೆಯಬಲ್ಲರು. ಫಾರ್ಮ್ಯಾಟ್ ಮಾಡಿಬಿಟ್ಟರೆ ಕಷ್ಟ.

ಮೊಬೈಲ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಏರೋಪ್ಲೇನ್ ಮೋಡಿಗೆ ಹಾಕಬೇಕು, ಇಲ್ಲವಾದರೆ ಒಂದು ಕರೆ ಬಂದು ಮುದ್ರಣ ನಿಲ್ಲುತ್ತದೆ. ಆ ಫೈಲನ್ನು ವಾಟ್ಸ್ಆ್ಯಪಿನಲ್ಲಿ ಧ್ವನಿ ಸಂದೇಶದಂತೆ ಕಳಿಸಕೂಡದು. ಕೇಬಲ್ ಮೂಲಕ ನಕಲು ಮಾಡಬೇಕು.

ಪಾಶ್ಚಾತ್ಯ ಕೈಪಿಡಿಗಳು ಸಂದರ್ಶಕರಿಗೆ "ಹೂಂ, ಹೌದಾ ಎನ್ನಬೇಡಿ, ತಲೆಯಾಡಿಸಿದರೆ ಸಾಕು" ಎಂದು ಹೇಳಿಕೊಡುತ್ತವೆ. ನಮ್ಮ ಹಳ್ಳಿಗಳಲ್ಲಿ ಇದು ಕೆಲಸ ಕೆಡಿಸುತ್ತದೆ. ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕೇ ಬೇಕು. ಎದುರಿನವರು ಸುಮ್ಮನೆ ಕೂತರೆ ಅವರೂ ಸುಮ್ಮನಾಗುತ್ತಾರೆ. ಇದಕ್ಕೆ ಯಂತ್ರದಲ್ಲೇ ಪರಿಹಾರವಿದೆ. ಇಬ್ಬರಿಗೂ ಒಂದೊಂದು ಮೈಕು ಕೊಟ್ಟು, ಹೇಳುವವರನ್ನು ಎಡ ಚಾನೆಲ್ಲಿಗೂ ಸಂದರ್ಶಕರನ್ನು ಬಲ ಚಾನೆಲ್ಲಿಗೂ ಮುದ್ರಿಸಿದರೆ ಹೂಂಗುಟ್ಟಿದ್ದನ್ನು ಕೇಳುಗರ ಪ್ರತಿಯಲ್ಲಿ ತಗ್ಗಿಸಬಹುದು. ಗಂಟೆಗೆ ಅರ್ಧ ಜಿಬಿ ಹೆಚ್ಚು ಜಾಗ ಬೇಕು, ಅಷ್ಟೇ.

ಶುರುವಿನಲ್ಲಿ ತಾರೀಖು, ಊರು, ಇಬ್ಬರ ಹೆಸರು, ಯೋಜನೆಯ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಚೀಟಿ ಕಳೆದರೂ ಫೈಲು ತನ್ನ ಗುರುತು ತಾನೇ ಹೇಳಬೇಕು. ಅವರು ಕೈಯಲ್ಲಿ ತೋರಿಸಿ "ಇಷ್ಟುದ್ದ ಇತ್ತು" ಎಂದಾಗ "ಒಂದು ಮೊಳ ಇತ್ತಾ ಅಜ್ಜಿ?" ಎಂದು ಬಾಯಲ್ಲಿ ಆಡಿಸಬೇಕು. ಕೊನೆಗೆ ಅರ್ಧ ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದನ್ನಷ್ಟೇ ಮುದ್ರಿಸಿಕೊಂಡರೆ ಆಮೇಲೆ ಸದ್ದು ತೆಗೆಯುವವರಿಗೆ ಅಳತೆಗೋಲು ಸಿಗುತ್ತದೆ. ಒಂದು ಕೂಟ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ. ಅದಕ್ಕಿಂತ ಹೆಚ್ಚಾದರೆ ಹಿರಿಯರು ದಣಿದು ಉತ್ತರ ಮೊಟಕಾಗುತ್ತದೆ. ತಾಯಿಯನ್ನು ಕೇಳಿದ ಪ್ರಶ್ನೆಗೆ ಮಗ ಉತ್ತರಿಸುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. "ನಿಮ್ಮದನ್ನೂ ಬೇರೆಯಾಗಿ ಮುದ್ರಿಸ್ತೀವಿ, ಮೊದಲು ಅಮ್ಮ ಹೇಳಲಿ" ಎಂದು ಮರ್ಯಾದೆಯಿಂದಲೇ ತಡೆಯಬೇಕು.

ಒಪ್ಪಿಗೆ: ಹೆಚ್ಚು ಯೋಜನೆಗಳು ಎಡವುವ ಜಾಗ

ಅಮೆರಿಕದ ಬಾಸ್ಟನ್ ಕಾಲೇಜು 2001ರಿಂದ 2006ರವರೆಗೆ ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಬಂದೂಕು ಹಿಡಿದಿದ್ದ ಎರಡೂ ಬಣದವರನ್ನು ಸಂದರ್ಶಿಸಿತು. ನೀವು ಬದುಕಿರುವವರೆಗೆ ಈ ಮಾತು ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ ಅವರು ಬಾಯಿಬಿಟ್ಟರು. ಯೋಜನೆಯ ನಿರ್ದೇಶಕರ ಜೊತೆ ಕಾಲೇಜು ಮಾಡಿಕೊಂಡ ಒಪ್ಪಂದದಲ್ಲಿ "ಅಮೆರಿಕದ ಕಾನೂನು ಬಿಡುವಷ್ಟರ ಮಟ್ಟಿಗೆ" ಎಂಬ ಷರತ್ತಿತ್ತು. ಮಾತಾಡಿದವರು ಸಹಿ ಹಾಕಿದ ಪತ್ರದಲ್ಲಿ ಆ ಷರತ್ತು ಇರಲಿಲ್ಲ. ಸತ್ತ ಇಬ್ಬರ ಸಂದರ್ಶನಗಳು 2010ರಲ್ಲಿ ಪುಸ್ತಕವಾಗಿ ಬಂದವು. ಮರುವರ್ಷವೇ, 1972ರಲ್ಲಿ ಅಪಹರಿಸಿ ಕೊಲ್ಲಲಾದ ಜೀನ್ ಮೆಕ್‌ಕಾನ್‌ವಿಲ್ ಎಂಬ ಹತ್ತು ಮಕ್ಕಳ ತಾಯಿಯ ಪ್ರಕರಣದ ತನಿಖೆಗಾಗಿ ಬ್ರಿಟನ್ನಿನ ಕೋರಿಕೆಯಂತೆ ಟೇಪುಗಳನ್ನು ಒಪ್ಪಿಸಲು ನೋಟಿಸು ಬಂತು. ನ್ಯಾಯಾಲಯಗಳು ಸಂಶೋಧನೆಯ ಗೌಪ್ಯತೆಯನ್ನು ಪೂರ್ತಿ ಮಾನ್ಯ ಮಾಡಲಿಲ್ಲ. ಮೇಲ್ಮನವಿಯಲ್ಲಿ ಒಪ್ಪಿಸಬೇಕಾದ ಸಂದರ್ಶನಗಳ ಸಂಖ್ಯೆ 85ರಿಂದ 11ಕ್ಕೆ ಇಳಿಯಿತಾದರೂ ಅಷ್ಟನ್ನು ಕೊಡಲೇಬೇಕಾಯಿತು. ಬಂಧನಗಳಾದವು. ಕೊನೆಗೆ 2019ರಲ್ಲಿ ಬೆಲ್‌ಫಾಸ್ಟಿನ ನ್ಯಾಯಾಲಯ ಒಂದು ಮೊಕದ್ದಮೆಯಲ್ಲಿ ಆ ಟೇಪುಗಳನ್ನು ನಂಬಲರ್ಹ ಸಾಕ್ಷ್ಯವೆಂದು ಒಪ್ಪಲಿಲ್ಲ. ಕೊಟ್ಟ ಮಾತು ಉಳಿಯಲಿಲ್ಲ, ನ್ಯಾಯವೂ ಸಿಗಲಿಲ್ಲ. ಮುಂದೆ ಅಂಥವರು ಯಾವ ವಿಶ್ವವಿದ್ಯಾಲಯವನ್ನು ನಂಬಿ ಮಾತಾಡಿಯಾರು?

ಇದರಿಂದ ಕಲಿಯಬೇಕಾದದ್ದು ಸ್ಪಷ್ಟ. ನ್ಯಾಯಾಲಯದ ಆದೇಶವನ್ನು ತಡೆಯುವ ಶಕ್ತಿ ವಿಶ್ವವಿದ್ಯಾಲಯಕ್ಕಿಲ್ಲ. ಇಲ್ಲದ ಶಕ್ತಿಯ ಮೇಲೆ ಮಾತು ಕೊಡಬಾರದು. "ನೀವು ಅಪರಾಧವೊಂದರ ವಿವರ ಹೇಳಿದರೆ ಅದನ್ನು ಮುಚ್ಚಿಡುವ ಭರವಸೆ ನಮ್ಮಿಂದ ಸಾಧ್ಯವಿಲ್ಲ" ಎಂದು ಮುದ್ರಣಕ್ಕೆ ಮೊದಲೇ ತಿಳಿಸಬೇಕು.

ಒಪ್ಪಿಗೆಯನ್ನು ಎರಡು ಹಂತದಲ್ಲಿ ಪಡೆಯುವುದು ಸರಿಯಾದ ಕ್ರಮ. ಮುದ್ರಣಕ್ಕೆ ಮುಂಚೆ, ಮುದ್ರಿಸಲು ಒಪ್ಪಿಗೆ. ಮುಗಿದ ಮೇಲೆ, ಬಳಕೆಗೆ ಒಪ್ಪಿಗೆ, ಏಕೆಂದರೆ ತಾನು ಏನು ಹೇಳಿದೆ ಎಂಬುದು ಅವರಿಗೆ ಗೊತ್ತಾಗುವುದೇ ಆಗ. ಓದಲು ಬಾರದವರಿಗೆ ಪತ್ರವನ್ನು ಅವರ ಆಡುಮಾತಿನಲ್ಲೇ ಓದಿ ಹೇಳಿ, ಓದಿದ್ದನ್ನೂ ಅವರು ಒಪ್ಪಿದ್ದನ್ನೂ ಮುದ್ರಿಸಿಕೊಂಡು, ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟು ಪಡೆಯಬೇಕು.

ಭಾರತದಲ್ಲಿ ಕೆಲಸ ಮಾಡುವವರು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ನನ್ನು ಓದಿಕೊಂಡೇ ಪತ್ರ ಬರೆಯಬೇಕು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷವೆಂದು ಎಣಿಸುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಹಾಗಾಗಬಾರದೆಂದು ಪತ್ರದಲ್ಲೇ ಬರೆದಿದ್ದರೆ ಮಾತ್ರ ಉಳಿಯುತ್ತದೆ. "ಈ ಸಂದರ್ಶನವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದೇನೆ" ಎಂಬ ಒಂದು ಸಾಲಿನ ಪತ್ರ ಈ ಮೂರೂ ಕಡೆ ಸೋರುತ್ತದೆ. ನೂರು ವರ್ಷ ಇಡಬೇಕೆಂದಿರುವ ಸಂಗ್ರಹಕ್ಕೆ ಐದು ವರ್ಷದ ಹಕ್ಕು ಏನೇನೂ ಸಾಲದು. ಹಕ್ಕನ್ನು ಪೂರ್ತಿ ಬರೆಸಿಕೊಳ್ಳುವುದಕ್ಕಿಂತ, ಹಕ್ಕು ಹೇಳಿದವರಲ್ಲೇ ಉಳಿದು ವಿಶ್ವವಿದ್ಯಾಲಯಕ್ಕೆ ಕಾಯಂ ಪರವಾನಗಿ ಸಿಗುವ ಪತ್ರವೇ ನ್ಯಾಯವಾದದ್ದು. ಆ ಪತ್ರದಲ್ಲೂ ಕಾಲ, ಪ್ರದೇಶ, ಬಳಕೆಯ ಬಗೆಯನ್ನು ಬಿಡಿಸಿ ಬರೆಯಬೇಕು.

ನಿರ್ಬಂಧ ಬೇಕೆಂದರೆ ತಾರೀಖು ಹಾಕಬೇಕು. "ನನ್ನ ಮರಣಾನಂತರ ತೆರೆಯಿರಿ" ಎಂಬ ಷರತ್ತು ಪಾಲಿಸಲು ಕಷ್ಟ. ಸಾವಿನ ಸುದ್ದಿಯನ್ನು ಪತ್ರಾಗಾರಕ್ಕೆ ಯಾರು ತಿಳಿಸುತ್ತಾರೆ? "2050ರ ಜನವರಿ 1ರವರೆಗೆ ಮುಚ್ಚಿರಲಿ" ಎಂದಿದ್ದರೆ ಗೊಂದಲವಿಲ್ಲ. ಪೂರ್ತಿ ಮುಚ್ಚುವ ಬದಲು ಇಂತಿಷ್ಟು ನಿಮಿಷದಿಂದ ಇಂತಿಷ್ಟು ನಿಮಿಷ ಮಾತ್ರ ಎಂದು ಗುರುತಿಸಬಹುದು. ಅಂತರ್ಜಾಲದಲ್ಲಿ ಬೇಡ, ಓದುವ ಕೋಣೆಗೆ ಬಂದವರು ಕೇಳಲಿ ಎಂಬ ನಡುದಾರಿಯೂ ಇದೆ. ಬದುಕಿರುವ ಮೂರನೆಯವರ ಮೇಲಿನ ಆರೋಪ, ಆಸ್ತಿ ಜಗಳ, ಕಾಯಿಲೆಯ ಮಾತುಗಳಿಗೆ ಈ ದಾರಿ ಒಳ್ಳೆಯದು. ಜಾತಿಯ ಹೆಸರಿನಲ್ಲಿ ನೊಂದವರು ತಾವು ಕೇಳಿಸಿಕೊಂಡ ಬೈಗುಳವನ್ನು ಇದ್ದಂತೆಯೇ ಹೇಳಿದಾಗ ಮಾತ್ರ ಅದನ್ನು ಬರಹದಲ್ಲಿ ಚುಕ್ಕಿ ಹಾಕಿ ಮರೆಮಾಡಬಾರದು. ಅದು ಅವರು ಕೊಟ್ಟ ಸಾಕ್ಷ್ಯ. ಯಾರಿಗೆ ಎಲ್ಲಿ ಕೇಳಿಸಬೇಕೆಂಬುದನ್ನು ಅವರನ್ನೇ ಕೇಳಿ ತೀರ್ಮಾನಿಸಬೇಕು.

ಅದೇ ಸಂಜೆ

ಕಾರ್ಡಿನಲ್ಲಿ ಮಾತ್ರ ಇರುವ ಸಂದರ್ಶನ ಇನ್ನೂ ಉಳಿದಿಲ್ಲವೆಂದೇ ತಿಳಿಯಬೇಕು. ಅದೇ ದಿನ ಎರಡು ಕಡೆ ನಕಲು ಮಾಡಿ, ತೆರೆದು ಕೇಳಿ, ಆಮೇಲೆ ಕಾರ್ಡ್ ಖಾಲಿ ಮಾಡಬೇಕು. ಫೈಲಿನ ಹೆಸರಿನಲ್ಲಿ ಯೋಜನೆಯ ಸಂಕೇತ, ವರ್ಷ, ಸಂದರ್ಶನದ ಕ್ರಮಸಂಖ್ಯೆ, ಭಾಗದ ಸಂಖ್ಯೆ ಇಷ್ಟು ಸಾಕು. ವ್ಯಕ್ತಿಯ ಹೆಸರು ಬೇಡ, "ಫೈನಲ್", "ಹೊಸ ಫೈನಲ್" ಎಂಬ ಬಾಲಗಳೂ ಬೇಡ. ಉದ್ದದ ಮುದ್ರಣವನ್ನು ರೆಕಾರ್ಡರ್ ತಾನೇ 2 ಅಥವಾ 4 ಜಿಬಿಗೊಮ್ಮೆ ತುಂಡು ಮಾಡುತ್ತದೆ. ಭಾಗದ ಸಂಖ್ಯೆ ಹಾಕದಿದ್ದರೆ ಎರಡನೆಯ ತುಂಡು ಯಾರದ್ದೆಂದು ಮರೆತುಹೋಗುತ್ತದೆ.

ಪ್ರತಿ ಫೈಲಿಗೂ ಎಸ್‌ಎಚ್‌ಎ-256ರಂಥ ಸೂತ್ರದಿಂದ ಒಂದು ಪರೀಕ್ಷಾ ಸಂಖ್ಯೆಯನ್ನು ತೆಗೆದು ಬರೆದಿಡುತ್ತಾರೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಯಾವ ಪ್ರತಿ ಕೆಟ್ಟಿದೆ ಎಂದು ಗೊತ್ತಾಗಿ, ಚೆನ್ನಾಗಿರುವ ಪ್ರತಿಯಿಂದ ಸರಿಮಾಡಬಹುದು. ಹೋಲಿಸದೆ ಬಿಟ್ಟರೆ ಕೆಟ್ಟ ಫೈಲೇ ಮೂರು ಕಡೆಗೂ ನಕಲಾಗುವ ಅಪಾಯವಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ, ಇದು ಎಲ್ಲರೂ ಒಪ್ಪಿರುವ ಕನಿಷ್ಠ. ತಲಾ ಎರಡು ಗಂಟೆಯ ನೂರು ಸಂದರ್ಶನಗಳು ಎರಡು ಚಾನೆಲ್ಲಿನಲ್ಲಿ ಸುಮಾರು 207 ಜಿಬಿ, ಮೂರು ಪ್ರತಿಗೆ 620 ಜಿಬಿ ಚಿಲ್ಲರೆ. ಇದು ದುಬಾರಿಯಲ್ಲ. ಸೆಕೆಂಡಿಗೆ 50 ಮೆಗಾಬಿಟ್ ವೇಗದ ವಿಡಿಯೊ ಆದರೆ ಅದೇ ಇನ್ನೂರು ಗಂಟೆ ಒಂದು ಪ್ರತಿಗೇ 4.5 ಟಿಬಿ ಆಗುತ್ತದೆ. ನೇಕಾರಿಕೆ, ಕುಂಬಾರಿಕೆಯಂಥ ಕೈಕೆಲಸ ತೋರಿಸುವಾಗ ವಿಡಿಯೊ ಬೇಕೇ ಬೇಕು. ಕೂತು ಮಾತಾಡುವುದಕ್ಕೆ ಒಳ್ಳೆಯ ಧ್ವನಿ ಮತ್ತು ಒಂದೆರಡು ಫೋಟೊ ಸಾಕು.

ಬರಹ ಮತ್ತು ಸೂಚಿ

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನುರಿತವರಿಗೂ ಆರರಿಂದ ಹತ್ತು ಗಂಟೆ ಹಿಡಿಯುತ್ತದೆ. ನಂತರ ಇನ್ನೊಬ್ಬರು ಕೇಳುತ್ತಾ ತಾಳೆ ನೋಡಬೇಕು. ಯೋಜನೆಗಳ ಹಣ ಮುಗಿಯುವುದು ಇಲ್ಲೇ. ಸಂದರ್ಶನಕ್ಕೆ ಅನುದಾನ ಸಿಗುತ್ತದೆ, ಬರೆಯುವವರ ಸಂಬಳಕ್ಕೆ ಸಿಗುವುದಿಲ್ಲ. ನೂರು ಸಂದರ್ಶನ ಮಾಡಿ ಹತ್ತನ್ನು ಬರೆಯುವುದಕ್ಕಿಂತ ಮೂವತ್ತು ಮಾಡಿ ಮೂವತ್ತನ್ನೂ ಮುಗಿಸುವುದು ಮೇಲು. ಯಂತ್ರದಿಂದ ಮಾಡಿಸುವ ಬರಹ ಬೆಂಗಳೂರಿನ ಸುದ್ದಿವಾಚಕರ ಕನ್ನಡಕ್ಕೆ ಪರವಾಗಿಲ್ಲ ಎನ್ನುವಂತಿದ್ದರೂ ಕುಂದಾಪುರದ, ಕಲಬುರಗಿಯ ಮಾತಿಗೆ ಬಹಳ ಎಡವುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಮೌನ ಇದ್ದಲ್ಲಿ ಯಾರೂ ಹೇಳದ ವಾಕ್ಯವನ್ನು ಅದು ತಾನೇ ಹುಟ್ಟಿಸಿ ಬರೆಯಬಲ್ಲದು. ಕೇಳಿ ತಾಳೆ ನೋಡದ ಯಂತ್ರದ ಬರಹವನ್ನು ಸಂಗ್ರಹಕ್ಕೆ ಸೇರಿಸಬಾರದು.

ಕನ್ನಡದಲ್ಲಿ ಬರೆಯುವವರು ಮೊದಲ ದಿನವೇ ತೀರ್ಮಾನಿಸಬೇಕಾದದ್ದು ಆಡುಮಾತನ್ನು ಹೇಗೆ ಬರೆಯುವುದೆಂದು. "ಹೋಗಾಕತ್ತಿದ್ವಿ" ಎಂದದ್ದನ್ನು "ಹೋಗುತ್ತಿದ್ದೆವು" ಎಂದು ತಿದ್ದಿದರೆ ಹೇಳಿದವರ ಊರು, ಓದು, ದನಿ ಎಲ್ಲ ಅಳಿಸಿಹೋಗುತ್ತವೆ. ಆಡಿದಂತೆಯೇ ಬರೆಯಬೇಕು. ಆಗ ಹುಡುಕುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಒಂದೇ ಪದಕ್ಕೆ ಐದು ಬಗೆಯ ಕಾಗುಣಿತವಿದ್ದರೆ ಕಂಪ್ಯೂಟರಿಗೆ ಸಿಗುವುದಿಲ್ಲ. ಇದಕ್ಕೆ ಉತ್ತರ ಬರಹದಲ್ಲಿಲ್ಲ, ಸೂಚಿಯಲ್ಲಿದೆ.

ಕೆಂಟಕಿ ವಿಶ್ವವಿದ್ಯಾಲಯದ ನನ್ ಕೇಂದ್ರದಲ್ಲಿ ಡಗ್ ಬಾಯ್ಡ್ 2008ರಲ್ಲಿ ರೂಪಿಸಿದ ಓಮ್ಸ್ ಎಂಬ ವ್ಯವಸ್ಥೆ ಈ ದಾರಿಯನ್ನು ಸುಲಭ ಮಾಡಿತು. ಅದು ಬೇರೆ ಸಂಸ್ಥೆಗಳಿಗೂ ಉಚಿತವಾಗಿ ಸಿಗುತ್ತದೆ. ಸಂದರ್ಶನವನ್ನು ವಿಷಯ ಬದಲಾಗುವ ಕಡೆಗಳಲ್ಲಿ ತುಂಡಾಗಿ ಗುರುತಿಸಿ, ಪ್ರತಿ ತುಂಡಿಗೂ ಆರಂಭದ ಸಮಯ, ಶೀರ್ಷಿಕೆ, ಎರಡು ಮೂರು ಸಾಲಿನ ಸಾರ, ವಿಷಯಪದಗಳು, ಬೇಕಿದ್ದರೆ ನಕ್ಷೆಯ ನಿರ್ದೇಶಾಂಕ ಕೊಡುತ್ತಾರೆ. ಹುಡುಕಿದವರು ಪದ ಒತ್ತಿದರೆ ನೇರವಾಗಿ ಆ ನಿಮಿಷದ ಧ್ವನಿ ಕೇಳಿಸುತ್ತದೆ. ಪೂರ್ತಿ ಬರೆಯಲು ಹಿಡಿಯುವ ಹೊತ್ತಿನ ಸಣ್ಣ ಪಾಲಿನಲ್ಲಿ ಸೂಚಿ ಮುಗಿಯುತ್ತದೆ. ಬರಹ ಆಡುಮಾತಿನಲ್ಲೇ ಇರಲಿ, ಸೂಚಿಯ ವಿಷಯಪದಗಳು ಮಾತ್ರ ಒಂದೇ ಬಗೆಯ ಗ್ರಾಂಥಿಕ ಕನ್ನಡದಲ್ಲಿ, ಮೊದಲೇ ಮಾಡಿಟ್ಟ ಪಟ್ಟಿಯಿಂದಲೇ ಬರಲಿ. ನೀರಿನಡಿ ಹೋದ ಊರುಗಳ ಹೆಸರು ಇಂದಿನ ನಕ್ಷೆಯಲ್ಲಿ ಇಲ್ಲದ್ದರಿಂದ ಹಳೆಯ ಭೂಪಟ ನೋಡಿ ನಿರ್ದೇಶಾಂಕ ಹಾಕುವುದು ಇಂಥ ಸಂಗ್ರಹಕ್ಕೆ ಬಹಳ ದೊಡ್ಡ ಉಪಕಾರ.

ಇನ್ನೊಂದು ನಮ್ಮದೇ ತೊಂದರೆಯಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ, ಹುಡುಕಲೂ ಬರುವುದಿಲ್ಲ. ಎಲ್ಲ ಬರಹವೂ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯವನ್ನು ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. ಪರಿವರ್ತಕಗಳು ಹೆಚ್ಚಾಗಿ ತಪ್ಪುವುದು ಅಲ್ಲಿ.

ಬರಹವನ್ನು ಹೇಳಿದವರಿಗೆ ತೋರಿಸಿ ಹೆಸರು, ಸ್ಥಳ ಸರಿಮಾಡಿಸುವುದು ಕೊಲಂಬಿಯಾದ ಕಾಲದಿಂದ ಬಂದ ಪದ್ಧತಿ. ಕೆಲವರು ತಮ್ಮ ಮಾತನ್ನು ಓದಿ ನಾಚಿ ಅರ್ಧಕ್ಕರ್ಧ ಹೊಡೆದುಹಾಕುತ್ತಾರೆ. ಅದು ಅವರ ಹಕ್ಕು. ಆದರೆ ತಿದ್ದಿದ ಪ್ರತಿ ಬೇರೆ, ಆಡಿದ ಪ್ರತಿ ಬೇರೆ ಎಂದು ಎರಡನ್ನೂ ಇಡಲು ಅವರ ಒಪ್ಪಿಗೆ ಕೇಳಬೇಕು.

ಬೀರುವಿನಲ್ಲಿರುವ ಕ್ಯಾಸೆಟ್‌ಗಳು

ನಮ್ಮ ಕಾಲೇಜುಗಳ ಕನ್ನಡ, ಇತಿಹಾಸ, ಜಾನಪದ ವಿಭಾಗಗಳ ಬೀರುಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದ ಕ್ಷೇತ್ರಕಾರ್ಯದ ಕ್ಯಾಸೆಟ್‌ಗಳು ಇನ್ನೂ ಇವೆ. ಹೊಸ ಸಂದರ್ಶನಕ್ಕಿಂತ ಇವು ತುರ್ತಿನವು. ಯುನೆಸ್ಕೊ ಮತ್ತು ಧ್ವನಿ ಪತ್ರಾಗಾರಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಹೊರಡಿಸಿದ ಎಚ್ಚರಿಕೆಯ ತಿರುಳು ಇದೇ ಆಗಿತ್ತು. ಟೇಪ್ ಹಾಳಾಗುವುದು ಒಂದು ಕಾರಣ, ನುಡಿಸುವ ಒಳ್ಳೆಯ ಯಂತ್ರಗಳೂ ಬಿಡಿಭಾಗಗಳೂ ಸಿಗದಾಗುವುದು ಇನ್ನೂ ದೊಡ್ಡ ಕಾರಣ.

ಮೊದಲ ಕೆಲಸ, ಕ್ಯಾಸೆಟ್ಟಿನ ಬೆನ್ನಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯುವುದು. ಆಗ ಅದರ ಮೇಲೆ ಅಕಸ್ಮಾತ್ ಮತ್ತೇನೂ ಮುದ್ರಣವಾಗುವುದಿಲ್ಲ. ಬಿಳಿಯ ಬೂಷ್ಟು ಕಂಡವನ್ನು ಬೇರೆ ಪೆಟ್ಟಿಗೆಗೆ ಹಾಕಬೇಕು, ನುಡಿಸಬಾರದು. ಕರಾವಳಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಇದು ಸಾಮಾನ್ಯ. ಬೂಷ್ಟು ಯಂತ್ರದ ತಲೆಗೆ ಅಂಟಿ ಮುಂದಿನ ಟೇಪಿಗೂ ಹರಡುತ್ತದೆ, ಶುಚಿ ಮಾಡುವವರ ಶ್ವಾಸಕೋಶಕ್ಕೂ ಕೆಡುಕು. ನುಡಿಸುವಾಗ ಕಿರುಗುಟ್ಟಿ ಕಂದು ಪುಡಿ ಉದುರಿಸುವ ರೀಲು ಟೇಪುಗಳಲ್ಲಿ ಅಂಟು ತೇವ ಹೀರಿ ಸಡಿಲವಾಗಿರುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸಿದರೆ ಕೆಲವು ವಾರಗಳ ಮಟ್ಟಿಗೆ ನುಡಿಸುವಂತಾಗುತ್ತದೆ, ಆದರೆ ಇದು ಮನೆಯ ಓವನ್ನಿನ ಕೆಲಸವಲ್ಲ. ಇನ್ನೂ ಹಳೆಯದಾದ, ವಿನೆಗರ್ ವಾಸನೆ ಬರುವ ಅಸಿಟೇಟ್ ಟೇಪನ್ನು ಕಾಯಿಸಿದರೆ ಪೂರ್ತಿ ಹಾಳಾಗುತ್ತದೆ. ಎರಡರ ವ್ಯತ್ಯಾಸ ತಿಳಿಯದವರು ಮುಟ್ಟದಿರುವುದು ಲೇಸು.

ಡಿಜಿಟಲ್ ಮಾಡುವುದು ನುಡಿಸುವ ವೇಗದಲ್ಲೇ ಆಗಬೇಕು. ತಲಾ 90 ನಿಮಿಷದ ಇನ್ನೂರು ಕ್ಯಾಸೆಟ್ಟಿಗೆ ಮುನ್ನೂರು ಗಂಟೆ ಬೇಕು. ಮೂಲ ಮುದ್ರಿಸಿದ ಯಂತ್ರದ ತಲೆ ಯಾವ ಕೋನದಲ್ಲಿತ್ತೋ ನುಡಿಸುವ ತಲೆಯನ್ನೂ ಅದೇ ಕೋನಕ್ಕೆ, ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆಯಾಗಿ, ಸಣ್ಣ ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಸರಿಯಾದ ಜಾಗದಲ್ಲಿ ಸಕಾರ, ಶಕಾರಗಳು ಥಟ್ಟನೆ ಸ್ಪಷ್ಟವಾಗುತ್ತವೆ. ಈ ಹಂತ ಬಿಟ್ಟರೆ ಕಂಬಳಿ ಹೊದ್ದು ಮಾತಾಡಿದಂತೆ ಮಂಕಾದ ಧ್ವನಿಯೇ ಶಾಶ್ವತವಾಗಿ ಉಳಿಯುತ್ತದೆ. ಹಳೆಯ ಟೇಪನ್ನು 96 ಕಿಲೋಹರ್ಟ್ಸ್, 24 ಬಿಟ್‌ಗೆ ಇಳಿಸುವುದು ವಾಡಿಕೆ. ಸದ್ದು ತೆಗೆಯುವ ಕೆಲಸವೇನಿದ್ದರೂ ಆಮೇಲಿನ ಪ್ರತಿಯ ಮೇಲೆ.

ಯಾವುದು ಮೊದಲು? ಕೆಡುತ್ತಿರುವುದು ಮೊದಲು. ಸಮನಾಗಿ ಕೆಟ್ಟಿದ್ದರೆ, ಬೇರೆಲ್ಲೂ ಪ್ರತಿ ಇಲ್ಲದ್ದು ಮೊದಲು. ಅದರಲ್ಲೂ, ಮುದ್ರಿಸಿದ ಮೇಷ್ಟ್ರು ಇನ್ನೂ ಬದುಕಿದ್ದರೆ ಅವರ ಕ್ಯಾಸೆಟ್‌ಗಳೇ ಮೊದಲು. ಲೇಬಲ್ಲಿನ ಮೇಲೆ "ಬಸಮ್ಮ, ಭಾಗ 2" ಎಂದಷ್ಟೇ ಇದ್ದಾಗ ಯಾವ ಬಸಮ್ಮ, ಯಾವ ಊರು, ಒಂದನೆಯ ಭಾಗ ಎಲ್ಲಿ ಎಂದು ಹೇಳಬಲ್ಲವರು ಅವರೊಬ್ಬರೇ. ಅವರನ್ನು ಕೂರಿಸಿ, ಕ್ಯಾಸೆಟ್ ನುಡಿಸುತ್ತಾ, ಅವರು ಹೇಳಿದ್ದನ್ನು ಇನ್ನೊಂದು ರೆಕಾರ್ಡರಿನಲ್ಲಿ ಮುದ್ರಿಸಿಕೊಳ್ಳಬೇಕು. ಲೇಬಲ್, ಪೆಟ್ಟಿಗೆ, ಒಳಗೆ ಮಡಚಿಟ್ಟ ಚೀಟಿ ಎಲ್ಲದರ ಫೋಟೊ ತೆಗೆದು, ಅದರಲ್ಲಿರುವುದು ತಪ್ಪೆಂದು ಗೊತ್ತಿದ್ದರೂ ಇದ್ದಂತೆಯೇ ದಾಖಲಿಸಬೇಕು.